ಜಯದೇವಕ್ಕೆ ಓಡುವ ಮೊದಲು

ಓದುಗರಲ್ಲಿ ನನ್ನದೊಂದು ಚಿಕ್ಕ ಕೋರಿಕೆ. ನಿಮ್ಮ ಮನೆಯಲ್ಲಿ ಮೂವತ್ತು ದಾಟಿದವರು ಎಷ್ಟು ಜನರಿದ್ದಾರೋ ಅಷ್ಟೂ ಜನ ಈ ತಿಂಗಳೊಳಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಸರ್ಕಾರದ ‘ನಮ್ಮ ಕ್ಲಿನಿಕ್‌’ಗೋ ಹೋಗಿ ಬಿ.ಪಿ., ಶುಗರ್ ನೋಡಿಸಿಕೊಂಡು ಬನ್ನಿ. ಅದಕ್ಕೆ ಯಾರ ಶಿಫಾರಸೂ ಬೇಕಿಲ್ಲ, ಬೆಂಗಳೂರಿಗೋ ಮೈಸೂರಿಗೋ ರಾತ್ರಿ ಬಸ್ಸು ಹತ್ತಬೇಕಿಲ್ಲ.

ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ಆದರೆ ಇಂಥ ಮಾತನ್ನು ನಾವೆಲ್ಲ ಆಸ್ಪತ್ರೆಯ ಗೋಡೆಯ ಮೇಲೆ ಓದಿದ್ದೇವೆ, ಆಶಾ ಕಾರ್ಯಕರ್ತೆಯರ ಬಾಯಲ್ಲಿ ಕೇಳಿದ್ದೇವೆ, ಹೂಂಗುಟ್ಟಿ ಮರೆತಿದ್ದೇವೆ. ಅದೇ ನಾವು 2025ರ ಜುಲೈ ಮೊದಲ ವಾರ ಯಾರೂ ಕರೆಯದಿದ್ದರೂ ಬೆಳಕು ಹರಿಯುವ ಮುಂಚೆಯೇ ಜಯದೇವ ಹೃದ್ರೋಗ ಆಸ್ಪತ್ರೆಯ ಬಾಗಿಲಲ್ಲಿ ಸಾಲುಗಟ್ಟಿದೆವು. ಅಂದು ಅಷ್ಟು ಜನರನ್ನು ಎಬ್ಬಿಸಿದ ಭಯ ಉಳಿದ ದಿನಗಳಲ್ಲಿ ಎಲ್ಲಿ ಮಲಗಿರುತ್ತದೆ? ಅದನ್ನು ನಾವು ಕೇಳಿಕೊಳ್ಳಲೇಬೇಕು. ಭಯ ನಮ್ಮಲ್ಲಿ ಕಡಿಮೆಯಿಲ್ಲ. ಬೇಕಾದ ಹೊತ್ತಿಗೆ ಬೇಕಾದ ಕಡೆ ಅದು ಇರುವುದಿಲ್ಲ ಎನ್ನುವುದೇ ತೊಂದರೆ.

ಆ ದಿನಗಳನ್ನು ನೆನಪಿಸಿಕೊಳ್ಳಿ. ಹಾಸನ ಜಿಲ್ಲೆಯಲ್ಲಿ ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ತೀರಿಕೊಂಡರು ಎಂಬ ಸುದ್ದಿ ಹಬ್ಬಿತು. ಸತ್ತವರಲ್ಲಿ ಹರೆಯದವರೂ ಇದ್ದರು. ಟಿ.ವಿ. ಪರದೆಯ ಮೇಲಿನ ಸಂಖ್ಯೆ ದಿನದಿನಕ್ಕೂ ಏರಿತು. ಜುಲೈ ಮೊದಲ ವಾರದ ಹೊತ್ತಿಗೆ ಹಾಸನದವರಷ್ಟೇ ಅಲ್ಲ, ಸುತ್ತಲ ಜಿಲ್ಲೆಗಳವರೂ ಮೈಸೂರು, ಬೆಂಗಳೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ನಿಂತಿದ್ದರು. ಎಲ್ಲರಿಗೂ ಬೇಕಿದ್ದದ್ದು ಒಂದು ಇಸಿಜಿ, ಆಗುವುದಾದರೆ ಒಂದು ಎಕೋ, ಕೊನೆಗೆ ‘ಏನೂ ಇಲ್ಲ, ಹೋಗಿ ಬನ್ನಿ’ ಎಂಬ ಡಾಕ್ಟರ ಒಂದು ಮಾತು. ಆತಂಕಪಟ್ಟು ಹೀಗೆ ಬರಬೇಡಿ ಎಂದು ವೈದ್ಯರೇ ಕೈಮುಗಿದು ಕೇಳಬೇಕಾಯಿತು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ಹೊರಟುಹೋದಾಗಲೂ ಹೀಗೆಯೇ ಆಗಿತ್ತು. ಕೆಲವು ವಾರ ಆಸ್ಪತ್ರೆಗಳು ತುಂಬಿದವು, ಜಿಮ್‌ಗೆ ಹೋಗುವವರು ಅಂಜಿದರು. ಆಮೇಲೆ ಎಲ್ಲರೂ ಎಂದಿನಂತಾದೆವು.

ಈಗ ಸ್ವಲ್ಪ ಲೆಕ್ಕ ಹಾಕೋಣ. ಹಾಸನ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯ ಪ್ರಕಾರ 17 ಲಕ್ಷ 76 ಸಾವಿರ. ನಮ್ಮಲ್ಲಿ ವರ್ಷಕ್ಕೆ ಸಾವಿರ ಜನರಲ್ಲಿ ಆರೇಳು ಮಂದಿ ಸಾಯುತ್ತಾರೆ. ಅಂದರೆ ಅಷ್ಟು ದೊಡ್ಡ ಜಿಲ್ಲೆಯಲ್ಲಿ ಎಲ್ಲ ಕಾರಣಗಳೂ ಸೇರಿ ದಿನಕ್ಕೆ ಹೆಚ್ಚುಕಡಿಮೆ ಮೂವತ್ತು ಸಾವು. ಭಾರತದಲ್ಲಿ ನಾಲ್ಕು ಸಾವಿನಲ್ಲಿ ಒಂದಕ್ಕಾದರೂ ಹೃದಯ ಮತ್ತು ರಕ್ತನಾಳಗಳ ಕಾಯಿಲೆ ಕಾರಣ. ಹಾಗೆ ನೋಡಿದರೆ ನಲವತ್ತು ದಿನಗಳಲ್ಲಿ ಆ ಒಂದು ಜಿಲ್ಲೆಯಲ್ಲಿ ಸುಮಾರು ಮುನ್ನೂರು ಜನ ಇಂಥ ಕಾಯಿಲೆಯಿಂದ ಸಾಯುವುದು ಯಾವ ವರ್ಷವಾದರೂ ನಡೆದೇ ಇರುತ್ತದೆ. ಅವರಲ್ಲಿ ಹೆಚ್ಚಿನವರು ವಯಸ್ಸಾದವರು, ಎಲ್ಲರೂ ಅಲ್ಲ. ನಮ್ಮನ್ನು ನಡುಗಿಸಿದ ಸಂಖ್ಯೆ ಇಪ್ಪತ್ತು ಚಿಲ್ಲರೆ. ನಾವು ನೋಡದೆ ದಾಟಿಹೋಗುವ ಸಂಖ್ಯೆ ಅದರ ಹತ್ತಾರು ಪಟ್ಟು.

ಹೀಗೆಂದು ಆ ಸಾವುಗಳನ್ನು ಹಗುರ ಮಾಡುತ್ತಿಲ್ಲ. ದುಡಿಯುವ ವಯಸ್ಸಿನ ಮಗ ಹೋದ ಮನೆಗೆ ಯಾವ ಸರಾಸರಿಯೂ ಸಮಾಧಾನ ಹೇಳಲಾರದು. ಆ ಜೀವಗಳಿಗೆ ನ್ಯಾಯ ಸಲ್ಲಬೇಕಾದರೆ ಅವರು ಯಾಕೆ ಸತ್ತರು ಎಂದು ತಿಳಿಯಬೇಕು. ಸರ್ಕಾರ ಜಯದೇವ ಸಂಸ್ಥೆಯ ಅಂದಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. ಅವುಗಳಲ್ಲಿ ನಾಲ್ಕಕ್ಕೆ ಹೃದಯ ಕಾರಣವೇ ಆಗಿರಲಿಲ್ಲ. ಉಳಿದ 20ರಲ್ಲಿ ಅನೇಕರಿಗೆ ಮಧುಮೇಹ, ರಕ್ತದೊತ್ತಡ, ಬೊಜ್ಜು, ಬೀಡಿ-ಸಿಗರೇಟು, ಕುಡಿತ, ಮನೆತನದಲ್ಲಿ ಹೃದ್ರೋಗ ಇವುಗಳಲ್ಲಿ ಒಂದಲ್ಲ ಒಂದು ಇತ್ತು. ಆಟೊ, ಕ್ಯಾಬ್ ಓಡಿಸಿ ಬದುಕುವವರ ಪಾಲು ಎದ್ದು ಕಾಣುವಷ್ಟಿತ್ತು. ಹಾಸನದಲ್ಲಿ ಹೃದಯಾಘಾತ ಅಸಹಜವಾಗಿ ಏರಿದ್ದಕ್ಕೆ ಆಧಾರ ಸಿಗಲಿಲ್ಲ.

ಲಸಿಕೆಯ ಮಾತೂ ನಡುವೆ ಬಂತು. ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕೋವಿಡ್ ಲಸಿಕೆಗೆ ತರಾತುರಿಯಲ್ಲಿ ಒಪ್ಪಿಗೆ ಕೊಟ್ಟದ್ದೂ ಒಂದು ಕಾರಣವಿರಬಹುದು ಎಂದರು. ಮರುದಿನವೇ ಕೇಂದ್ರ ಆರೋಗ್ಯ ಸಚಿವಾಲಯ ಐಸಿಎಂಆರ್ ಮತ್ತು ಏಮ್ಸ್ ಅಧ್ಯಯನಗಳನ್ನು ಮುಂದಿಟ್ಟು ಸಂಬಂಧವಿಲ್ಲ ಎಂದಿತು. ಆ ಐಸಿಎಂಆರ್ ಅಧ್ಯಯನ 2023ರಲ್ಲಿ 19 ರಾಜ್ಯಗಳ 47 ಆಸ್ಪತ್ರೆಗಳಲ್ಲಿ ನಡೆದಿತ್ತು. ಚೆನ್ನಾಗಿಯೇ ಇದ್ದು ಇದ್ದಕ್ಕಿದ್ದಂತೆ ಸತ್ತ 18ರಿಂದ 45 ವಯಸ್ಸಿನವರನ್ನು ಕುರಿತದ್ದು ಅದು. ಲಸಿಕೆಯಿಂದ ಇಂಥ ಸಾವಿನ ಸಾಧ್ಯತೆ ಹೆಚ್ಚಲಿಲ್ಲ. ಹೆಚ್ಚಿಸಿದ್ದು ಕೋವಿಡ್ ಬಂದು ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಹಠಾತ್ ಸಾವು ಇದ್ದದ್ದು, ಸಾವಿಗೆ ಮುಂಚಿನ ಎರಡು ದಿನಗಳಲ್ಲಿ ಮಿತಿಮೀರಿ ಕುಡಿದದ್ದು, ಮಾದಕ ವಸ್ತು ಸೇವಿಸಿದ್ದು, ಮೈಗೆ ವಿಪರೀತ ಶ್ರಮ ಕೊಟ್ಟದ್ದು. ಆದರೂ ಇವತ್ತಿಗೂ ಕಟ್ಟೆಯ ಮೇಲೆ ಕೂತು ಮಾತಾಡುವಾಗ ‘ಎಲ್ಲ ಆ ಸೂಜಿಯಿಂದ’ ಎನ್ನುವವರೇ ಹೆಚ್ಚು. ಯಾಕೆಂದರೆ ಸೂಜಿಯನ್ನು ಬೇರೆಯವರು ಚುಚ್ಚಿದ್ದು. ಬೀಡಿಯನ್ನು ನಾವೇ ಹಚ್ಚಿದ್ದು.

ಹೀಗಾಗುವುದರಲ್ಲಿ ನಮ್ಮ ದಡ್ಡತನವೇನೂ ಇಲ್ಲ, ಮನುಷ್ಯರ ಮನಸ್ಸೇ ಹಾಗೆ. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಸ್ಲೋವಿಕ್ 1987ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದನ್ನು ವಿವರವಾಗಿ ಬರೆದರು. ಹೊಸದಾಗಿರುವುದು, ಕಣ್ಣಿಗೆ ಕಾಣದ್ದು, ನಮ್ಮ ಕೈಯಲ್ಲಿಲ್ಲದ್ದು, ಒಮ್ಮೆಗೇ ಹಲವರನ್ನು ಬಲಿ ತೆಗೆದುಕೊಳ್ಳುವಂಥದ್ದು ನಮಗೆ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಹಳೆಯದು, ನಾವಾಗಿಯೇ ಆರಿಸಿಕೊಂಡದ್ದು, ದಿನಾ ಒಬ್ಬಿಬ್ಬರನ್ನು ಸದ್ದಿಲ್ಲದೆ ಕೊಂಡೊಯ್ಯುವುದು ಸಣ್ಣದಾಗಿ ಕಾಣುತ್ತದೆ. ಅದಕ್ಕೂ ಮುಂಚೆ 1973ರಲ್ಲಿ ಆಮೊಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ ಇನ್ನೊಂದು ಮಾತು ತೋರಿಸಿಕೊಟ್ಟಿದ್ದರು. ಯಾವುದರ ಉದಾಹರಣೆ ಥಟ್ಟನೆ ನೆನಪಿಗೆ ಬರುತ್ತದೋ ಅದೇ ಹೆಚ್ಚಾಗಿ ನಡೆಯುತ್ತದೆ ಎಂದು ನಾವು ತಿಳಿಯುತ್ತೇವೆ. ನೆನಪಿಗೆ ಬರುವುದು ಯಾವುದು? ನಿನ್ನೆ ರಾತ್ರಿ ಮೊಬೈಲಿನಲ್ಲಿ ನೋಡಿದ ಸಿಸಿಟಿವಿ ದೃಶ್ಯ. ಹದಿನೈದು ವರ್ಷ ಬಿ.ಪಿ. ಮಾತ್ರೆ ತೆಗೆದುಕೊಂಡು ಇವತ್ತಿಗೂ ಆರಾಮಾಗಿ ತೋಟಕ್ಕೆ ಹೋಗಿಬರುವ ಪಕ್ಕದ ಮನೆಯ ಅಜ್ಜನ ವಿಡಿಯೊವನ್ನು ಯಾರೂ ಕಳಿಸುವುದಿಲ್ಲ.

ತಪ್ಪು ಕಡೆಗೆ ತಿರುಗಿದ ಭಯ ಬರೀ ನಿದ್ದೆ ಕೆಡಿಸಿ ಬಿಡುವುದಿಲ್ಲ, ಜೀವವನ್ನೂ ತೆಗೆಯುತ್ತದೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅನೇಕ ಅಮೆರಿಕನ್ನರು ವಿಮಾನ ಬಿಟ್ಟು ಕಾರು ಹಿಡಿದರು. ಅದರಿಂದಾಗಿ ಮುಂದಿನ ಒಂದು ವರ್ಷದಲ್ಲಿ ರಸ್ತೆಗಳಲ್ಲಿ ಸುಮಾರು 1,500 ಜನ ಹೆಚ್ಚಾಗಿ ಸತ್ತರು ಎಂದು ಜರ್ಮನಿಯ ಗೆರ್ಡ್ ಗಿಗರೆಂಜರ್ ಲೆಕ್ಕ ಹಾಕಿದ್ದಾರೆ. ನಮ್ಮಲ್ಲೂ ನೋಡಿ. ಎದೆ ಹಿಂಡಿ ಬೆವರುತ್ತಿರುವ ನಿಜವಾದ ರೋಗಿಯನ್ನು ಹೊತ್ತ ವಾಹನ ಬಂದಾಗ ಹೊರರೋಗಿ ವಿಭಾಗದ ತುಂಬ ಚೆನ್ನಾಗಿರುವವರೇ ಇದ್ದರೆ, ಆ ರೋಗಿಯ ಪಾಲಿನ ನಿಮಿಷಗಳನ್ನು ನಾವು ತಿಂದಂತೆ. ಅಲ್ಲದೆ ಊರಿನಿಂದ ಅಷ್ಟು ದೂರ ಬೈಕಿನಲ್ಲಿ ಇಬ್ಬರು ಹೆಲ್ಮೆಟ್ಟಿಲ್ಲದೆ ಇಸಿಜಿ ಮಾಡಿಸಲು ಹೊರಟರೆ, ಅವತ್ತು ಅವರಿಗೆ ಹತ್ತಿರವಿದ್ದ ಅಪಾಯ ಯಾವುದು? 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 50,029 ಮಂದಿ ಹೆಲ್ಮೆಟ್ ಹಾಕದ ಬೈಕ್ ಸವಾರರು ಮತ್ತು ಹಿಂಬದಿ ಕೂತವರು. ಆ ಐವತ್ತು ಸಾವಿರಕ್ಕೆ ಯಾವ ಆಸ್ಪತ್ರೆಯ ಮುಂದೂ ಸಾಲು ನಿಲ್ಲಲಿಲ್ಲ.

ಇನ್ನು ಆ ಇಸಿಜಿಯ ಸಂಗತಿ. ಅದು ಆ ಕ್ಷಣದಲ್ಲಿ ಹೃದಯದ ವಿದ್ಯುತ್ ಚಲನೆ ಹೇಗಿದೆ ಎಂದು ಹೇಳುತ್ತದೆ. ರಕ್ತನಾಳದಲ್ಲಿ ವರ್ಷಗಳಿಂದ ಕೂಡುತ್ತಿರುವ ಕೊಬ್ಬು ಅದರಲ್ಲಿ ಕಾಣಲೇಬೇಕೆಂದಿಲ್ಲ. ಇಂದು ಇಸಿಜಿ ಸರಿಯಿದ್ದವರಿಗೆ ಮುಂದೆ ಹೃದಯಾಘಾತ ಆಗಬಾರದೆಂದೂ ಇಲ್ಲ. ‘ನಾರ್ಮಲ್’ ಎಂಬ ಕಾಗದ ಜೇಬಿನಲ್ಲಿಟ್ಟುಕೊಂಡು ಆಸ್ಪತ್ರೆಯ ಹೊರಗಿನ ಅಂಗಡಿಯಲ್ಲಿ ಸಿಗರೇಟು ಹಚ್ಚುವವರಿಗೆ ಆ ಕಾಗದ ಕೇಡನ್ನೇ ಮಾಡುತ್ತದೆ. ಅದಕ್ಕಿಂತ ಹೆಚ್ಚಿನದನ್ನು ತೋಳಿಗೆ ಸುತ್ತುವ ಬಿ.ಪಿ. ಪಟ್ಟಿಯೂ ಬೆರಳಿನ ಒಂದು ಹನಿ ರಕ್ತವೂ ಹೇಳುತ್ತವೆ. 52 ದೇಶಗಳಲ್ಲಿ ನಡೆದು 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದ ನೇತೃತ್ವ ವಹಿಸಿದ್ದವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಡಾ. ಸಲೀಂ ಯೂಸುಫ್. ಮೊದಲ ಹೃದಯಾಘಾತದ ಹಿಂದಿನ ಅಪಾಯದಲ್ಲಿ ನೂರಕ್ಕೆ ತೊಂಬತ್ತು ಪಾಲನ್ನು ಒಂಬತ್ತೇ ಸಂಗತಿಗಳು ವಿವರಿಸುತ್ತವೆ ಎಂದು ಆ ಅಧ್ಯಯನ ತೋರಿಸಿತು. ಧೂಮಪಾನ, ಕೊಲೆಸ್ಟ್ರಾಲ್, ರಕ್ತದೊತ್ತಡ, ಮಧುಮೇಹ, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ, ಹಣ್ಣು-ತರಕಾರಿ ಕಡಿಮೆಯಾದ ಊಟ, ಮೈ ಬಗ್ಗಿಸದ ದಿನಚರಿ ಮುಂತಾದವು. ಇವುಗಳಲ್ಲಿ ನಮಗೆ ಗೊತ್ತಿಲ್ಲದ್ದು ಒಂದೂ ಇಲ್ಲ. ದಕ್ಷಿಣ ಏಷ್ಯಾದ ನಮ್ಮಂಥವರಿಗೆ ಹೃದಯಾಘಾತ ಉಳಿದವರಿಗಿಂತ ಕೆಲವು ವರ್ಷ ಮುಂಚೆಯೇ ಬರುತ್ತದೆ ಎಂಬುದೂ ಅಲ್ಲೇ ಕಂಡಿತ್ತು.

ಭಯ ಇರಲೇಬೇಕಾದ ಹೊತ್ತಿನಲ್ಲಿ ನಾವು ಹೇಗಿರುತ್ತೇವೆ ನೋಡಿ. ರಾತ್ರಿ ಹನ್ನೊಂದಕ್ಕೆ ಎದೆಯ ನಡುವೆ ಬಿಗಿದಂತಾಗುತ್ತದೆ, ಎಡಗೈ ಭಾರವಾಗುತ್ತದೆ, ತಣ್ಣಗಿನ ಬೆವರು ಬರುತ್ತದೆ. ಮನೆಯಲ್ಲಿ ಏಳುವ ಮೊದಲ ಮಾತು: ‘ಗ್ಯಾಸ್ಟ್ರಿಕ್ ಇರಬೇಕು ಕಣ್ರೀ, ಮಧ್ಯಾಹ್ನ ಊಟ ಲೇಟಾಯ್ತಲ್ಲ.’ ಸೋಡಾ ಬರುತ್ತದೆ, ಜೀರಿಗೆ ಕಷಾಯ ಬರುತ್ತದೆ, ಬೆನ್ನಿಗೆ ಮುಲಾಮು ಬರುತ್ತದೆ. ಬೆಳಗಾಗಲಿ ನೋಡೋಣ ಎನ್ನುತ್ತಾರೆ. ಸುದ್ದಿ ನೋಡಿ ನೂರು ಕಿಲೋಮೀಟರ್ ಹೋಗಲು ತಯಾರಿದ್ದವರು ನಿಜವಾದ ನೋವಿಗೆ ತಾಲ್ಲೂಕು ಆಸ್ಪತ್ರೆಯವರೆಗೂ ಹೋಗುವುದಿಲ್ಲ. ಹೆಂಗಸರ ಪಾಡು ಇನ್ನೂ ಕಷ್ಟ. ಅವರಿಗೂ ಸಕ್ಕರೆ ಕಾಯಿಲೆಯವರಿಗೂ ಎದೆನೋವಿನ ಬದಲು ಬರೀ ಸುಸ್ತು, ಉಬ್ಬಸ, ವಾಕರಿಕೆ, ದವಡೆ ಅಥವಾ ಬೆನ್ನಿನಲ್ಲಿ ನೋವು ಕಾಣಿಸಿಕೊಳ್ಳಬಹುದು. ‘ಕೆಲಸ ಜಾಸ್ತಿ ಆಯ್ತು’ ಎಂದು ಅವರೇ ಮಲಗಿಬಿಡುತ್ತಾರೆ.

ಮಾತ್ರೆಯ ವಿಷಯದಲ್ಲೂ ಹೀಗೆಯೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ದೇಶದಲ್ಲಿ 15 ವರ್ಷ ಮೀರಿದ ಗಂಡಸರಲ್ಲಿ ನೂರಕ್ಕೆ 24, ಹೆಂಗಸರಲ್ಲಿ ನೂರಕ್ಕೆ 21 ಮಂದಿಗೆ ರಕ್ತದೊತ್ತಡ ಹೆಚ್ಚಿದೆ ಅಥವಾ ಅದಕ್ಕೆ ಔಷಧ ನಡೆಯುತ್ತಿದೆ. ಇದು ನೋಯುವುದಿಲ್ಲ, ತುರಿಸುವುದಿಲ್ಲ, ಊಟ ಸೇರದಂತೆ ಮಾಡುವುದಿಲ್ಲ. ಆದ್ದರಿಂದ ಅನೇಕರು ‘ಒಮ್ಮೆ ಶುರು ಮಾಡಿದರೆ ಜೀವಮಾನ ಪೂರ್ತಿ ನುಂಗಬೇಕಲ್ಲ’ ಎಂದು ಮಾತ್ರೆಗೇ ಹೆದರುತ್ತಾರೆ. ಬಿ.ಪಿ. ಇಳಿಯಿತೆಂದು ನಡುವೆ ಬಿಟ್ಟುಬಿಡುತ್ತಾರೆ. ಇಳಿದದ್ದು ಮಾತ್ರೆಯಿಂದ ಎಂಬುದು ಮರೆತುಹೋಗುತ್ತದೆ. ಕೆಲವರಂತೂ ಪರೀಕ್ಷೆಗೇ ಹೋಗುವುದಿಲ್ಲ: ‘ನೋಡಿಸಿದರೆ ಏನಾದರೂ ಇದೆ ಅಂತಾರೆ.’ ನೋಡಿಸದಿದ್ದರೆ ಇಲ್ಲದಂತಾಗುತ್ತದೆಯೇ?

ಆದ್ದರಿಂದ ನನ್ನ ಮನವಿಗಳನ್ನು ಒಂದೊಂದಾಗಿ ಹೇಳುತ್ತೇನೆ.

ಆರೋಗ್ಯವಾಗಿರುವ ಎಲ್ಲರಲ್ಲಿ: ಹೃದಯದ ಚಿಂತೆ ಬಂದರೆ ಮೊದಲು ನಿಮ್ಮೂರಿನ ಆರೋಗ್ಯ ಕೇಂದ್ರಕ್ಕೆ ಹೋಗಿ. ಬಿ.ಪಿ., ಶುಗರ್, ತೂಕ, ಸೊಂಟದ ಸುತ್ತಳತೆ ನೋಡಿಸಿ ಬರೆದಿಟ್ಟುಕೊಳ್ಳಿ. ಮನೆಬಾಗಿಲಿಗೆ ಬಂದು ಇಂಥ ತಪಾಸಣೆ ಮಾಡುವ ‘ಗೃಹ ಆರೋಗ್ಯ’ ತಂಡ ಬಂದಾಗ ‘ನಮಗೇನೂ ಇಲ್ಲಮ್ಮ’ ಎಂದು ಕಳಿಸಬೇಡಿ. ಬಿ.ಪಿ. 140/90 ದಾಟಿದೆ ಎಂದರೆ ಡಾಕ್ಟರು ಹೇಳಿದಂತೆ ಮತ್ತೆ ನೋಡಿಸಿ. ಮಾತ್ರೆ ಬರೆದರೆ ಅವರನ್ನು ಕೇಳದೆ ನಿಲ್ಲಿಸಬೇಡಿ. ದೊಡ್ಡ ಆಸ್ಪತ್ರೆ ಬೇಕೋ ಬೇಡವೋ ಎಂದು ಅವರು ತೀರ್ಮಾನಿಸಲಿ. ನಿಮ್ಮ ತಂದೆ-ತಾಯಿಗೋ ಒಡಹುಟ್ಟಿದವರಿಗೋ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತ ಆಗಿದ್ದರೆ ಅದನ್ನು ಮೊದಲೇ ಹೇಳಿ. ಬೀಡಿ, ಸಿಗರೇಟು ಬಿಡುವುದಕ್ಕಂತೂ ಯಾವ ಚೀಟಿಯೂ ಬೇಡ.

ನೋವು ಕಾಣಿಸಿಕೊಂಡವರಲ್ಲಿ, ಅವರ ಮನೆಯವರಲ್ಲಿ: ಎದೆಯ ಬಿಗಿತ, ಬೆವರು, ಉಸಿರಾಟದ ಕಷ್ಟ ಇದ್ದರೆ ಗ್ಯಾಸ್ಟ್ರಿಕ್ಕೋ ಅಲ್ಲವೋ ಎಂದು ಮನೆಯಲ್ಲಿ ಚರ್ಚೆ ಬೇಡ. 108ಕ್ಕೆ ಕರೆ ಮಾಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ. ನೋವು ಬಂದವರೇ ಬೈಕ್ ಓಡಿಸಿಕೊಂಡು ಹೋಗುವುದು ಬೇಡ. ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಸರ್ಕಾರ ನಡೆಸುತ್ತಿರುವ ‘ಹೃದಯ ಜ್ಯೋತಿ’ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಕೆಲವೇ ನಿಮಿಷಗಳಲ್ಲಿ ದೊಡ್ಡ ಕೇಂದ್ರದ ಹೃದ್ರೋಗ ತಜ್ಞರ ಕಣ್ಣಿಗೆ ಬೀಳುತ್ತದೆ. ಹೃದಯಾಘಾತ ಖಚಿತವಾದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಇದು ಎಷ್ಟು ಬೇಗ ಬಿದ್ದರೆ ಹೃದಯದ ಸ್ನಾಯು ಅಷ್ಟು ಉಳಿಯುತ್ತದೆ. ನಿಮ್ಮ ತಾಲ್ಲೂಕಿನ ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯೇ ಎಂದು ಚೆನ್ನಾಗಿರುವಾಗಲೇ ಕೇಳಿ ತಿಳಿದುಕೊಳ್ಳಿ. ಆ ರಾತ್ರಿ ಹುಡುಕಲು ಹೊತ್ತಿರುವುದಿಲ್ಲ.

ಯುವಕ ಸಂಘಗಳಲ್ಲಿ, ಮಹಿಳಾ ಸ್ವಸಹಾಯ ಗುಂಪುಗಳಲ್ಲಿ, ಶಾಲೆ-ಕಾಲೇಜುಗಳಲ್ಲಿ: ಗಣೇಶೋತ್ಸವಕ್ಕೋ ರಾಜ್ಯೋತ್ಸವಕ್ಕೋ ಆರ್ಕೆಸ್ಟ್ರಾ ಕರೆಸುವಾಗ ಒಂದು ಗಂಟೆ ಸಿಪಿಆರ್ ತರಬೇತಿಗೂ ಇಡಿ. ಕುಸಿದು ಬಿದ್ದವರಿಗೆ ಪ್ರಜ್ಞೆಯಿಲ್ಲ, ಉಸಿರಾಟ ಸರಿಯಿಲ್ಲ ಎಂದರೆ 108ಕ್ಕೆ ಒಬ್ಬರು ಕರೆ ಮಾಡಬೇಕು, ಇನ್ನೊಬ್ಬರು ಎದೆಯ ನಡುಭಾಗವನ್ನು ಎರಡೂ ಅಂಗೈಯಿಂದ ನಿಮಿಷಕ್ಕೆ 100ರಿಂದ 120 ಸಲ, ಸುಮಾರು ಐದು ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಬೇಕು. ಇದನ್ನು ಓದಿ ಕಲಿಯಲಾಗದು, ಗೊಂಬೆಯ ಮೇಲೆ ಒತ್ತಿ ಕಲಿಯಬೇಕು. ಹತ್ತು ಜನ ಮೊಬೈಲ್ ಹಿಡಿದು ನಿಂತ ಕಡೆ ಒಬ್ಬರಿಗೆ ಇದು ಗೊತ್ತಿದ್ದರೂ ಒಂದು ಜೀವ ಉಳಿಯಬಹುದು.

ವಾಟ್ಸ್ಆ್ಯಪ್ ಬಳಸುವ ನಮ್ಮೆಲ್ಲರಲ್ಲಿ: ಯಾರೋ ಕುಸಿದು ಸತ್ತ ದೃಶ್ಯವನ್ನು ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಅದು ಒಂದು ಮನೆಯವರ ದುಃಖ. ಅದನ್ನು ನೋಡಿ ಯಾರೂ ಬಿ.ಪಿ. ನೋಡಿಸುವುದಿಲ್ಲ, ಹೆದರಿ ಇನ್ನೊಬ್ಬರಿಗೆ ಕಳಿಸುತ್ತಾರೆ ಅಷ್ಟೆ. ಫಾರ್ವರ್ಡ್ ಮಾಡಿದ ಭಯ ಎಲ್ಲಿಯವರೆಗೆ ಹೋಗುತ್ತದೆ ಎಂದು ಈ ರಾಜ್ಯಕ್ಕೆ ಚೆನ್ನಾಗಿ ಗೊತ್ತು. 2018ರ ಜುಲೈನಲ್ಲಿ ಮಕ್ಕಳ ಕಳ್ಳರು ಎಂಬ ವದಂತಿ ನಂಬಿದ ಜನ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದರು. ದೇಶದ ಹಲವೆಡೆ ಇಂಥ ಕೊಲೆಗಳಾದ ಮೇಲೆಯೇ ವಾಟ್ಸ್ಆ್ಯಪ್ ಒಂದು ಸಂದೇಶವನ್ನು ಭಾರತದಲ್ಲಿ ಐದು ಕಡೆಗಷ್ಟೇ ಕಳಿಸಬಹುದೆಂದು ಮಿತಿ ಹಾಕಿದ್ದು. ಬೆರಳಿಗೆ ಇನ್ನೂ ಬಿಗಿಯಾದ ಮಿತಿಯನ್ನು ನಾವೇ ಹಾಕಿಕೊಳ್ಳಬಹುದು.

ಪತ್ರಿಕೆ, ಟಿ.ವಿ. ಮಿತ್ರರಲ್ಲಿ: ‘ಮತ್ತೊಂದು ಬಲಿ’ ಎಂದು ಬರೆಯುವಾಗ ಈ ಜಿಲ್ಲೆಯಲ್ಲಿ ಸಾಮಾನ್ಯವಾಗಿ ಎಷ್ಟು ಸಾವು ಆಗುತ್ತವೆ ಎಂದೂ ಬರೆಯಿರಿ. ಮರಣೋತ್ತರ ಪರೀಕ್ಷೆ ಆಗುವ ಮೊದಲೇ ಹೃದಯಾಘಾತ ಎಂದು ತೀರ್ಪು ಕೊಡಬೇಡಿ. ಸಂಖ್ಯೆ ಏರುತ್ತಿದ್ದಾಗ ಮೊದಲ ಪುಟದಲ್ಲಿದ್ದ ಸುದ್ದಿಗೆ ತಜ್ಞರ ವರದಿ ಬಂದಾಗಲೂ ಅಷ್ಟೇ ಜಾಗ ಸಿಗಲಿ.

ಸರ್ಕಾರದಲ್ಲಿ: 45 ವರ್ಷದೊಳಗಿನವರು ಆಸ್ಪತ್ರೆಯ ಹೊರಗೆ ಹಠಾತ್ತನೆ ಸತ್ತರೆ ಅದನ್ನು ಕಡ್ಡಾಯವಾಗಿ ವರದಿ ಮಾಡಬೇಕು, ಮರಣೋತ್ತರ ಪರೀಕ್ಷೆ ಆಗಬೇಕು ಎಂದು ನೀವೇ ಹೇಳಿದ್ದೀರಿ. ಸ್ವಾಗತ. ಅದರ ಅಂಕಿಅಂಶಗಳನ್ನು ನಿಗದಿತ ಕಾಲಕ್ಕೆ ಎಲ್ಲರಿಗೂ ಅರ್ಥವಾಗುವ ಕನ್ನಡದಲ್ಲಿ ಪ್ರಕಟಿಸಿ. ಅಧಿಕೃತ ಸಂಖ್ಯೆ ಸಿಗದ ಕಡೆ ವದಂತಿಯೇ ಸಂಖ್ಯೆಯಾಗುತ್ತದೆ. ಆರೋಗ್ಯ ಕೇಂದ್ರಗಳಲ್ಲಿ ಬಿ.ಪಿ., ಶುಗರ್ ಮಾತ್ರೆ ಒಂದು ತಿಂಗಳೂ ತಪ್ಪದಂತೆ ನೋಡಿಕೊಳ್ಳಿ. ಮಾತ್ರೆಗೆಂದು ಬಂದವರು ‘ಸ್ಟಾಕ್ ಇಲ್ಲ’ ಎಂಬ ಮಾತು ಕೇಳಿ ಹೋದರೆ ಮತ್ತೆ ಬರುವುದು ಅನುಮಾನ. ಆಟೊ, ಕ್ಯಾಬ್, ಲಾರಿ, ಬಸ್ ಓಡಿಸುವವರು ಗಾಡಿ ನಿಲ್ಲಿಸಿ ಆಸ್ಪತ್ರೆಗೆ ಬರಲಾರರು, ಬಂದರೆ ಅವತ್ತಿನ ದುಡಿಮೆ ಹೋಗುತ್ತದೆ. ತಪಾಸಣೆಯೇ ಅವರ ಸ್ಟ್ಯಾಂಡಿಗೆ ಹೋಗಲಿ.

ಜುಲೈನ ಆ ಸಾಲಿನಲ್ಲಿ ನಿಂತವರನ್ನು ಹಾಸ್ಯ ಮಾಡುವುದು ಸುಲಭ. ನಾನು ಮಾಡಲಾರೆ. ಅಷ್ಟು ದೂರದಿಂದ, ಅಷ್ಟು ಹೊತ್ತಿಗೆ, ಕೂಲಿ ಬಿಟ್ಟು ಬಂದವರಿಗೆ ತಮ್ಮ ಜೀವದ ಬಗ್ಗೆ, ಮಕ್ಕಳ ಬಗ್ಗೆ ಕಾಳಜಿ ಇತ್ತು. ಹತ್ತಿರದಲ್ಲಿ ಕೇಳುವವರಿದ್ದಾರೆ ಎಂಬ ನಂಬಿಕೆ ಇರಲಿಲ್ಲ. ಆ ಕಾಳಜಿಯ ಒಂದು ಪಾಲು ವರ್ಷದ ಉಳಿದ ದಿನಗಳಿಗೂ ಹಂಚಿಹೋದರೆ ಸಾಕು. ಹಾಗಾದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಯಂತ್ರ ಕೆಟ್ಟು ಕೂತಾಗ ಕೇಳುವವರಿರುತ್ತಾರೆ, ಗ್ರಾಮಸಭೆಯಲ್ಲಿ ಆಂಬುಲೆನ್ಸ್ ಎಷ್ಟು ಹೊತ್ತಿಗೆ ಬರುತ್ತದೆ ಎಂಬ ಪ್ರಶ್ನೆ ಏಳುತ್ತದೆ. ಭಯಪಟ್ಟವರ ಸಾಲು ಹಕ್ಕು ಕೇಳುವವರ ಸಾಲಾಗುವುದು ಹಾಗೆಯೇ.

ಅದಕ್ಕೆ ಮೊದಲ ಹೆಜ್ಜೆ ನೀವೇ ಇಡಬೇಕು. ಈ ವಾರ ಒಂದು ಬೆಳಗ್ಗೆ ಬಿಡುವು ಮಾಡಿಕೊಳ್ಳಿ. ಮನೆಯಲ್ಲಿ ‘ನನಗೇನಾಗಿದೆ’ ಎನ್ನುವವರೊಬ್ಬರು ಇದ್ದೇ ಇರುತ್ತಾರೆ, ಅವರನ್ನೂ ಜೊತೆಗೆ ಕರೆದುಕೊಂಡು ಆರೋಗ್ಯ ಕೇಂದ್ರಕ್ಕೆ ಹೋಗಿ. ಬೈಕಿನಲ್ಲಿ ಹೋಗುವುದಾದರೆ ಇಬ್ಬರೂ ಹೆಲ್ಮೆಟ್ ಹಾಕಿಕೊಳ್ಳಿ.